ಪೊಲೀಸರು ಕಲಿತದ್ದು, ಆಸ್ಪತ್ರೆ ಒಪ್ಪಿಕೊಂಡದ್ದು

1987ರ ಸೆಪ್ಟೆಂಬರ್ 24ರಂದು ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ 911ಕ್ಕೆ ಒಂದು ಕರೆ ಬಂತು. ಊರಿನ ದಕ್ಷಿಣ ಭಾಗದಲ್ಲಿದ್ದ ಲೆಮಾಯ್ನ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಇಪ್ಪತ್ತೇಳು ವರ್ಷದ ಯುವಕನೊಬ್ಬ ಚಾಕುವಿನಿಂದ ತನ್ನ ಮೈಯನ್ನು ತಾನೇ ಕೊಯ್ದುಕೊಳ್ಳುತ್ತಿದ್ದಾನೆ, ಹತ್ತಿರ ಹೋದವರನ್ನು ಬೆದರಿಸುತ್ತಿದ್ದಾನೆ ಎಂಬ ದೂರು. ಅವನಿಗೆ ಮಾನಸಿಕ ಕಾಯಿಲೆಯ ಇತಿಹಾಸವಿತ್ತು. ಪೊಲೀಸರು ಬಂದರು, ಚಾಕು ಕೆಳಗೆ ಹಾಕು ಎಂದು ಗದರಿದರು. ಅವನು ಹಾಕಲಿಲ್ಲ, ಇನ್ನಷ್ಟು ಕೆರಳಿ ಅವರ ಕಡೆಗೇ ಬಂದ. ಅವರು ಗುಂಡು ಹಾರಿಸಿದರು, ಒಂದಲ್ಲ, ಹಲವು. ಸಾಯುತ್ತಾನೇನೋ ಎಂಬ ಭಯದಿಂದ ಕರೆ ಮಾಡಿ ಕರೆಸಿಕೊಂಡಿದ್ದ ಪೊಲೀಸರ ಕೈಯಲ್ಲೇ ಅವನು ಸತ್ತ.

ಯುವಕ ಕಪ್ಪು ಜನಾಂಗದವನು, ಗುಂಡು ಹಾರಿಸಿದವರು ಬಿಳಿಯರು. ಮೆಂಫಿಸ್‌ನಂಥ ಊರಿನಲ್ಲಿ ಗದ್ದಲ ಏಳಲು ಇಷ್ಟು ಸಾಕಿತ್ತು. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ 1968ರಲ್ಲಿ ಕೊಲೆಯಾದದ್ದು ಇದೇ ಊರಿನ ಲೊರೇನ್ ಮೋಟೆಲ್‌ನಲ್ಲಿ. ಇನ್ನೂ ಹತ್ತಿರದ ಗಾಯವೊಂದಿತ್ತು. 1983ರ ಜನವರಿಯಲ್ಲಿ ಷಾನನ್ ಸ್ಟ್ರೀಟ್‌ನ ಮನೆಯೊಂದರಲ್ಲಿ ಪೊಲೀಸ್ ಅಧಿಕಾರಿಯೊಬ್ಬನನ್ನು ಒಂದು ಗುಂಪು ಒತ್ತೆಯಿಟ್ಟುಕೊಂಡಿತ್ತು. ಸುಮಾರು ಮೂವತ್ತು ಗಂಟೆ ಕಾದು ಪೊಲೀಸರು ಒಳನುಗ್ಗಿದಾಗ ಅಧಿಕಾರಿ ಹೊಡೆತ ತಿಂದು ಸತ್ತಿದ್ದ. ಮನೆಯೊಳಗಿದ್ದ ಏಳು ಜನರೂ ಗುಂಡಿಗೆ ಬಲಿಯಾದರು. ಗುಂಪಿನ ಮುಖಂಡ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದವನು. ಆ ಘಟನೆಯಿಂದ ಪೊಲೀಸರು ಒಂದು ಪಾಠ ಕಲಿತರು, ಕಪ್ಪು ಬಡಾವಣೆಗಳ ಜನ ಇನ್ನೊಂದು ಪಾಠ ಕಲಿತರು. ಕಾಯಿಲೆಯ ಮಾತು ಮಾತ್ರ ಎರಡೂ ಕಡೆಯಲ್ಲಿ ಹಿಂದೆ ಉಳಿಯಿತು.

ಆದರೆ ಚಾಕು ಹಿಡಿದ ರೋಗಿಯ ಮುಂದೆ ಪಿಸ್ತೂಲು ಹಿಡಿದ ಪೊಲೀಸ್ ಬಂದು ನಿಂತದ್ದು ಹೇಗೆ? ಅದಕ್ಕೆ ಮೂರು ದಶಕ ಹಿಂದಕ್ಕೆ ಹೋಗಬೇಕು. 1955ರಲ್ಲಿ ಅಮೆರಿಕದ ರಾಜ್ಯ ಸರ್ಕಾರಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,58,000 ರೋಗಿಗಳಿದ್ದರು. ಆಗಷ್ಟೇ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಂದಿತ್ತು. ವರ್ಷಗಟ್ಟಲೆ ಗೋಡೆಯ ಹಿಂದೆ ಇಟ್ಟಿದ್ದವರನ್ನು ಮನೆಗೆ ಕಳಿಸಬಹುದು ಎಂಬ ನಂಬಿಕೆ ವೈದ್ಯರಲ್ಲಿ ಹುಟ್ಟಿತು. ಆಸ್ಪತ್ರೆಗಳ ಒಳಗಿನ ದುರವಸ್ಥೆ ಬಯಲಾಗಿ ಜನರೂ ಬೇಸತ್ತಿದ್ದರು. 1963ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನು, ದೊಡ್ಡ ಆಸ್ಪತ್ರೆಗಳ ಬದಲು ಊರೂರಿಗೆ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ಕಟ್ಟುವ ಮಾತು ಕೊಟ್ಟಿತು. ರೋಗಿಗಳು ಹೊರಗೆ ಬಂದರು, ಕೇಂದ್ರಗಳು ಬರಲಿಲ್ಲ. ಯೋಜಿಸಿದ್ದರಲ್ಲಿ ಅರ್ಧದಷ್ಟೂ ಸರಿಯಾಗಿ ಎದ್ದು ನಿಲ್ಲಲಿಲ್ಲ. 1981ರಲ್ಲಿ ರೇಗನ್ ಸರ್ಕಾರ ಉಳಿದ ಹಣವನ್ನೂ ಕತ್ತರಿಸಿ, ಹೊಣೆಯನ್ನು ರಾಜ್ಯಗಳ ತಲೆಗೆ ಕಟ್ಟಿತು. 1990ರ ದಶಕದ ನಡುವಿನ ಹೊತ್ತಿಗೆ ಆ ಆಸ್ಪತ್ರೆಗಳಲ್ಲಿ ಉಳಿದವರು ಸುಮಾರು 72,000.

ಹೊರಗೆ ಬಂದವರಲ್ಲಿ ಎಷ್ಟೋ ಜನ ಮನೆ ಸೇರಿದರು, ಕೆಲವರು ಕೆಲಸ ಹಿಡಿದರು, ಬದುಕಿದರು. ಇದನ್ನು ಹೇಳದೆ ಮುಂದೆ ಹೋದರೆ ಆಸ್ಪತ್ರೆ ಬಾಗಿಲು ತೆರೆದದ್ದೇ ತಪ್ಪು ಎಂದಾಗುತ್ತದೆ, ಅದು ಸರಿಯಲ್ಲ. ಆದರೆ ಒಂದು ಪಾಲು ಜನ ಬೀದಿಗೆ, ಅಗ್ಗದ ಬಾಡಿಗೆ ಕೋಣೆಗಳಿಗೆ ಬಿದ್ದರು. ರಾತ್ರಿ ಎರಡು ಗಂಟೆಗೆ ಮಗ ಬಾಗಿಲು ಒಡೆಯುತ್ತಿದ್ದರೆ ಅಪ್ಪ ಅಮ್ಮ ಯಾರನ್ನು ಕರೆಯಬೇಕು? ಎಷ್ಟೋ ಕೇಂದ್ರಗಳು ಸಂಜೆ ಐದಕ್ಕೆ ಮುಚ್ಚುತ್ತಿದ್ದವು. 1968ರಲ್ಲಿ ಶುರುವಾದ 911 ಮಾತ್ರ ಇಡೀ ರಾತ್ರಿ ಎತ್ತುವ ಫೋನು. ಎತ್ತಿದವರು ಕಳಿಸುತ್ತಿದ್ದದ್ದು ಪೊಲೀಸರನ್ನು.

ಬಂದ ಪೊಲೀಸ್ ಪೇದೆಯ ಮುಂದೆಯೂ ಒಳ್ಳೆಯ ದಾರಿ ಇರಲಿಲ್ಲ. ಆಸ್ಪತ್ರೆಗೆ ಕರೆದೊಯ್ದರೆ ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಕಾಯಬೇಕು. ಕೊನೆಗೆ, ಕುಡಿದಿದ್ದಾನೆ, ಹಾಸಿಗೆ ಇಲ್ಲ, ಅಷ್ಟೇನೂ ಅಪಾಯವಿಲ್ಲ ಎಂದು ವಾಪಸು ಕಳಿಸಿದರೂ ಕಳಿಸಬಹುದು. ಜೈಲು ಮಾತ್ರ ಯಾರನ್ನೂ ಬೇಡ ಎನ್ನುತ್ತಿರಲಿಲ್ಲ. ಸಾರ್ವಜನಿಕ ಶಾಂತಿಭಂಗ ಎಂದೋ ಅತಿಕ್ರಮ ಪ್ರವೇಶ ಎಂದೋ ಒಂದು ಸಣ್ಣ ಕೇಸು ಬರೆದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿದು ಗಸ್ತಿಗೆ ಮರಳಬಹುದು. ಎಷ್ಟೋ ಪೇದೆಗಳು ಕರುಣೆಯಿಂದಲೇ ಹಾಗೆ ಮಾಡುತ್ತಿದ್ದರು: ಜೈಲಿನಲ್ಲಿ ಊಟವಾದರೂ ಸಿಗುತ್ತದೆ, ಚಳಿಗೆ ಸೂರಾದರೂ ಇರುತ್ತದೆ ಎಂದು.

ಸೆಪ್ಟೆಂಬರ್ ಸಾವಿನ ನಂತರ ಮೇಯರ್ ರಿಚರ್ಡ್ ಹ್ಯಾಕೆಟ್ ಒಂದು ಕಾರ್ಯಪಡೆ ನೇಮಿಸಿದರು. ರಾಜಕಾರಣಿಗಳು ಸಮಿತಿ ನೇಮಿಸುವುದು ಗದ್ದಲ ತಣ್ಣಗಾಗಲಿ ಎಂದು. ಇದೂ ಹಾಗೇ ಮುಗಿಯಬಹುದಿತ್ತು. ಮುಗಿಯದಂತೆ ನೋಡಿಕೊಂಡವರು ರೋಗಿಗಳ ಮನೆಯವರು. 1979ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಹುಟ್ಟಿ, ಮುಂದೆ ನ್ಯಾಮಿ ಎಂಬ ಹೆಸರಿನಿಂದ ದೇಶವೆಲ್ಲ ಹರಡಿದ ಕುಟುಂಬಗಳ ಸಂಘಟನೆಗೆ ಮೆಂಫಿಸ್‌ನಲ್ಲೂ ಶಾಖೆಯಿತ್ತು. ಅದರ ಸದಸ್ಯರು ಗುಂಡು ಹಾರಿಸಿದವರ ಶಿಕ್ಷೆಯ ವಿಷಯ ಬಿಟ್ಟು ಬೇರೊಂದು ಪ್ರಶ್ನೆ ಹಿಡಿದು ಕೂತರು: ನಾಳೆ ನಮ್ಮ ಮನೆಯಿಂದ ಕರೆ ಹೋದರೆ ಯಾರು ಬರುತ್ತಾರೆ? ಬಂದವರಿಗೆ ಏನು ಗೊತ್ತಿರುತ್ತದೆ? ಅವರೊಂದಿಗೆ ಪೊಲೀಸ್ ಇಲಾಖೆಯಿಂದ ಲೆಫ್ಟಿನೆಂಟ್ ಸ್ಯಾಮ್ ಕಾಕ್ರನ್, ಟೆನೆಸಿ ವಿಶ್ವವಿದ್ಯಾಲಯದ ಕಡೆಯಿಂದ ಮನಶ್ಶಾಸ್ತ್ರಜ್ಞ ರ್‍ಯಾಂಡಾಲ್ಫ್ ಡುಪಾಂಟ್ ಕೂಡಿಕೊಂಡರು. ಒಬ್ಬರಿಗೆ ಗಸ್ತಿನ ಕಷ್ಟ ಗೊತ್ತು, ಇನ್ನೊಬ್ಬರಿಗೆ ತುರ್ತು ವಿಭಾಗದ ಕಷ್ಟ.

1988ರಲ್ಲಿ ಅವರು ರೂಪಿಸಿದ ವ್ಯವಸ್ಥೆಗೆ ಕ್ರೈಸಿಸ್ ಇಂಟರ್ವೆನ್ಷನ್ ಟೀಮ್ ಎಂದು ಹೆಸರು, ಚಿಕ್ಕದಾಗಿ ಸಿಐಟಿ. ಹೆಸರು ಕೇಳಿದರೆ ಪ್ರತ್ಯೇಕ ವಾಹನದಲ್ಲಿ ಓಡಾಡುವ ವಿಶೇಷ ದಳ ಕಣ್ಣಿಗೆ ಬರುತ್ತದೆ. ಅಂಥದ್ದೇನೂ ಇರಲಿಲ್ಲ. ಸಿಐಟಿ ಪೊಲೀಸ್ ಎಂದರೆ ಎಂದಿನ ಗಸ್ತು ತಿರುಗುವ ಮಾಮೂಲಿ ಪೊಲೀಸೇ. ಕಳ್ಳತನದ ದೂರಿಗೂ ಅವನೇ, ಅಪಘಾತಕ್ಕೂ ಅವನೇ. ಮಾನಸಿಕ ಸಂಕಟದ ಕರೆ ಬಂದಾಗ ಮಾತ್ರ ಕಂಟ್ರೋಲ್ ರೂಮಿನವರು ಹತ್ತಿರದಲ್ಲಿರುವ ಸಿಐಟಿ ಪೊಲೀಸನ್ನೇ ಹುಡುಕಿ ಕಳಿಸಬೇಕು. ಅವನು ಬಂದ ಮೇಲೆ ಅಲ್ಲಿ ಅವನ ಮಾತೇ ನಡೆಯಬೇಕು, ಪಕ್ಕದಲ್ಲಿ ಅವನಿಗಿಂತ ದೊಡ್ಡ ಹುದ್ದೆಯವರು ನಿಂತಿದ್ದರೂ. ಶಿಸ್ತು, ಶ್ರೇಣಿ, ಸೆಲ್ಯೂಟುಗಳ ಮೇಲೆ ನಿಂತ ಇಲಾಖೆಯೊಂದು ಈ ಷರತ್ತಿಗೆ ಒಪ್ಪಿದ್ದು ಸಣ್ಣ ಮಾತಲ್ಲ.

ಎಲ್ಲರಿಗೂ ತರಬೇತಿ ಬೇಡ ಎಂದದ್ದು ಇನ್ನೊಂದು ಜಾಣತನ. ಇಷ್ಟಪಟ್ಟು ಮುಂದೆ ಬಂದವರನ್ನು ಮಾತ್ರ, ಅವರಲ್ಲೂ ಆರಿಸಿ, ತೆಗೆದುಕೊಂಡರು. ತರಬೇತಿ ನಲವತ್ತು ಗಂಟೆಯದು. ಕಲಿಸುವವರು ಊರಿನ ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಬಹುಮಟ್ಟಿಗೆ ಸಂಭಾವನೆ ಇಲ್ಲದೆ. ಸ್ಕಿಜೋಫ್ರೇನಿಯಾ ಎಂದರೇನು, ಯಾವ ಮಾತ್ರೆ ತಿಂದವರಿಗೆ ಕೈ ನಡುಗುತ್ತದೆ, ಧ್ವನಿಗಳು ಕೇಳಿಸುತ್ತಿರುವವನಿಗೆ ಪೊಲೀಸಿನ ಆಜ್ಞೆ ಹಲವು ಧ್ವನಿಗಳಲ್ಲಿ ಒಂದಾಗಿ ಮಾತ್ರ ಕೇಳುವುದು ಹೇಗೆ ಎಂಬುದೆಲ್ಲ ಪಾಠ. ಕಾಯಿಲೆ ಅನುಭವಿಸಿದವರೇ ಬಂದು ಮಾತಾಡುತ್ತಿದ್ದರು. ಪೇದೆಗಳು ರೋಗಿಗಳಿದ್ದಲ್ಲಿಗೆ ಹೋಗಿ, ಸಮವಸ್ತ್ರದ ಕೆಲಸವಿಲ್ಲದೆ, ಅವರೊಂದಿಗೆ ಕೂತು ಬರುತ್ತಿದ್ದರು. ಆಮೇಲೆ ಅಭಿನಯದ ಅಭ್ಯಾಸ: ಒಬ್ಬ ರೋಗಿಯಾಗಿ, ಇನ್ನೊಬ್ಬ ಪೊಲೀಸಾಗಿ. ಅಂತರ ಬಿಟ್ಟು ನಿಲ್ಲು, ದನಿ ತಗ್ಗಿಸು, ಒಬ್ಬನೇ ಮಾತಾಡು, ಅವಸರ ಮಾಡಬೇಡ. ಪೊಲೀಸ್ ಶಾಲೆ ಕಲಿಸಿದ್ದರ ತದ್ವಿರುದ್ಧ. ಅಲ್ಲಿ ಹೇಳಿಕೊಟ್ಟದ್ದು ತಕ್ಷಣ ಹತೋಟಿಗೆ ತೆಗೆದುಕೋ ಎಂದು.

ಇಲ್ಲಿಯವರೆಗಿನ ಕತೆ ಎಲ್ಲರೂ ಹೇಳುವಂಥದ್ದು. ಮೆಂಫಿಸ್‌ನ ನಿಜವಾದ ತಿರುವು ಪೊಲೀಸ್ ಶಾಲೆಯ ಹೊರಗೆ, ಊರಿನವರು ದಿ ಮೆಡ್ ಎಂದು ಕರೆಯುತ್ತಿದ್ದ ಸರ್ಕಾರಿ ರೀಜನಲ್ ಮೆಡಿಕಲ್ ಸೆಂಟರಿನ ತುರ್ತು ವಿಭಾಗದಲ್ಲಿ ಆಯಿತು ಎಂಬುದು ನನ್ನ ಅಭಿಪ್ರಾಯ. ಆ ಆಸ್ಪತ್ರೆ ಒಂದು ಮಾತು ಕೊಟ್ಟಿತು. ಸಿಐಟಿ ಪೊಲೀಸ್ ಯಾರನ್ನೇ ಕರೆತರಲಿ, ಕುಡಿದವನಿರಲಿ, ಗಾಯವಾದವನಿರಲಿ, ವಿಮೆ ಇಲ್ಲದವನಿರಲಿ, ತೆಗೆದುಕೊಳ್ಳುತ್ತೇವೆ; ಪೊಲೀಸನ್ನು ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕಾಯಿಸುವುದಿಲ್ಲ. ಅಂದರೆ ಆಸ್ಪತ್ರೆಗೆ ಹೋಗುವುದು ಜೈಲಿಗೆ ಹೋಗುವಷ್ಟೇ ಸುಲಭವಾಯಿತು. ಪೊಲೀಸರ ಮನಸ್ಸು ಮೃದುವಾಗಲಿ ಎಂದು ಹಾರೈಸುವುದು ಬೇರೆ, ಒಳ್ಳೆಯ ಕೆಲಸ ಮಾಡಿದವನ ಇಡೀ ಪಾಳಿ ಹಾಳಾಗದಂತೆ ನೋಡಿಕೊಳ್ಳುವುದು ಬೇರೆ. ಕಾಕ್ರನ್ ಮತ್ತು ಡುಪಾಂಟ್ ಎರಡನೆಯದನ್ನೂ ಮಾಡಿದ್ದರು.

ಫಲ ಬೇಗ ಕಾಣಿಸಿತು. ಇಂಥ ಕರೆಗಳಿಗೆ ಹೋದ ಪೊಲೀಸರಿಗೆ ಆಗುತ್ತಿದ್ದ ಗಾಯಗಳು ಇಳಿದವು. ರೋಗಿಗಾಗಿ ಶುರುಮಾಡಿದ ಕೆಲಸ ಪೊಲೀಸನನ್ನೂ ಉಳಿಸುತ್ತದೆ ಎಂಬ ಸುದ್ದಿಯೇ ಇಲಾಖೆಯೊಳಗೆ ಅದಕ್ಕೆ ಮರ್ಯಾದೆ ತಂದುಕೊಟ್ಟಿತು. ಸಮವಸ್ತ್ರದ ಮೇಲಿನ ಸಿಐಟಿ ಬಿಲ್ಲೆ ಹೆಮ್ಮೆಯ ವಸ್ತುವಾಯಿತು. 2000ದಲ್ಲಿ ಹೆನ್ರಿ ಸ್ಟೆಡ್‌ಮನ್ ಮತ್ತು ಸಂಗಡಿಗರು ಮೂರು ದಕ್ಷಿಣದ ಊರುಗಳನ್ನು ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೊಲೀಸ್ ಇಲಾಖೆಯೊಳಗೇ ಸಮಾಜ ಕಾರ್ಯಕರ್ತರಿದ್ದರು. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಮಾನಸಿಕ ಆರೋಗ್ಯ ಸೇವೆಯವರ ಸಂಚಾರಿ ತಂಡವಿತ್ತು. ಮೆಂಫಿಸ್‌ನಲ್ಲಿ ನೂರಕ್ಕೆ 95 ಕರೆಗಳಿಗೆ ತರಬೇತಿ ಪಡೆದವರೇ ಹೋಗಿದ್ದರು, ನಾಕ್ಸ್‌ವಿಲ್‌ನಲ್ಲಿ 40ಕ್ಕೆ, ಬರ್ಮಿಂಗ್‌ಹ್ಯಾಮ್‌ನಲ್ಲಿ 28ಕ್ಕೆ. ಹಾಗೆ ತರಬೇತಿಯವರು ಹೋದ ಕರೆಗಳಲ್ಲಿ ಬಂಧನದಲ್ಲಿ ಮುಗಿದವು ಮೆಂಫಿಸ್‌ನಲ್ಲಿ ನೂರಕ್ಕೆ 2, ನಾಕ್ಸ್‌ವಿಲ್‌ನಲ್ಲಿ 5, ಬರ್ಮಿಂಗ್‌ಹ್ಯಾಮ್‌ನಲ್ಲಿ 13. ನಾಕ್ಸ್‌ವಿಲ್‌ನ ತಂಡದಲ್ಲಿ ನುರಿತ ಜನರಿದ್ದರೂ ಅವರು ಬಂದು ಸೇರುವ ಹೊತ್ತಿಗೆ ತಡವಾಗುತ್ತಿತ್ತು ಎಂಬುದು ಪೊಲೀಸರ ದೂರು.

ಇಷ್ಟು ಒಳ್ಳೆಯ ಅಂಕಿ ಕಂಡ ಮೇಲೆ ಬೇರೆ ಊರುಗಳು ಸುಮ್ಮನಿರುತ್ತವೆಯೇ? ಪೋರ್ಟ್‌ಲ್ಯಾಂಡ್, ಆಲ್ಬುಕರ್ಕಿ, ಸಿಯಾಟಲ್, ಹ್ಯೂಸ್ಟನ್ ಮೊದಲಿಗೆ ಬಂದವು. ಆಮೇಲೆ ಸಣ್ಣ ಪಟ್ಟಣಗಳು, ಜಿಲ್ಲೆಗಳು, ಕೆನಡ, ಆಸ್ಟ್ರೇಲಿಯ. ಇಂದು ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಈ ಹೆಸರಿನ ವ್ಯವಸ್ಥೆಯಿದೆ. ಆದರೆ ಹಾಗೆ ಹೋದದ್ದರಲ್ಲಿ ಹೆಚ್ಚಿನದು ನಲವತ್ತು ಗಂಟೆಯ ಪಾಠಪಟ್ಟಿ. ಅದನ್ನು ನಕಲು ಮಾಡುವುದು ಸುಲಭ. ಒಂದು ವಾರ, ಒಂದು ಸಭಾಂಗಣ, ಕೊನೆಗೊಂದು ಪ್ರಮಾಣಪತ್ರ. ಇಡೀ ರಾತ್ರಿ ಬಾಗಿಲು ತೆರೆದಿಟ್ಟು ಯಾರನ್ನೂ ಬೇಡ ಎನ್ನದ ಆಸ್ಪತ್ರೆಗೆ ಹಣ ಬೇಕು, ಹಾಸಿಗೆ ಬೇಕು, ಮನೋವೈದ್ಯರು ಬೇಕು. ಪೊಲೀಸ್ ಮುಖ್ಯಸ್ಥರ ಆದೇಶದಿಂದ ಅದು ಹುಟ್ಟುವುದಿಲ್ಲ. ಕೆಲವು ಕಡೆ ಇಷ್ಟಪಟ್ಟವರನ್ನು ಮಾತ್ರ ಆರಿಸುವ ನಿಯಮವನ್ನೂ ಬಿಟ್ಟು ಎಲ್ಲ ಪೇದೆಗಳನ್ನೂ ಕೂರಿಸಿದರು. ಮನಸ್ಸಿಲ್ಲದವನೂ ನಿದ್ದೆ ತೂಗುತ್ತ ಪ್ರಮಾಣಪತ್ರ ಪಡೆದ.

ಇದರ ಪರಿಣಾಮ ತಡವಾಗಿ ಬಯಲಾಯಿತು. 2012ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಪೋರ್ಟ್‌ಲ್ಯಾಂಡ್ ಪೊಲೀಸರ ತನಿಖೆ ಮುಗಿಸಿ, ಮಾನಸಿಕ ಕಾಯಿಲೆಯವರ ಮೇಲೆ ಅತಿಯಾದ ಬಲಪ್ರಯೋಗ ಅಲ್ಲಿ ರೂಢಿಯಾಗಿದೆ ಎಂದಿತು. 2014ರಲ್ಲಿ ಆಲ್ಬುಕರ್ಕಿಯ ಬಗ್ಗೆ ಹೆಚ್ಚುಕಡಿಮೆ ಅದೇ ಮಾತು. ಮೆಂಫಿಸ್ ಮಾದರಿಯನ್ನು ಮೊದಲು ಅಪ್ಪಿಕೊಂಡ ಊರುಗಳೇ ಇವು.

ವಿದ್ವಾಂಸರ ನಡುವೆಯೂ ಜಗಳ ಎದ್ದಿತು. ತರಬೇತಿಯಿಂದ ಪೊಲೀಸರ ತಿಳಿವಳಿಕೆ ಹೆಚ್ಚುತ್ತದೆ, ರೋಗಿಗಳ ಬಗೆಗಿನ ಅಸಹನೆ ತಗ್ಗುತ್ತದೆ ಎಂಬುದರಲ್ಲಿ ದೊಡ್ಡ ತಕರಾರಿಲ್ಲ. ಜಾರ್ಜಿಯದಲ್ಲಿ ಮೈಕೆಲ್ ಕಾಂಪ್ಟನ್ ನಡೆಸಿದ ಅಧ್ಯಯನಗಳು ಅದನ್ನು ತೋರಿಸಿವೆ. ಆದರೆ ಬಂಧನವಾಗಲಿ ಬಲಪ್ರಯೋಗವಾಗಲಿ ಕಡಿಮೆಯಾಗುತ್ತದೆಯೇ? 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸೆಮಾ ತಾಹೇರಿ, ಹಾಗೆನ್ನಲು ಆಧಾರ ಸಾಲದು ಎಂದರು. ಇಷ್ಟಪಟ್ಟು ಬಂದವರನ್ನೇ ಆರಿಸಿದ ಮೇಲೆ ಅವರ ಒಳ್ಳೆಯ ನಡತೆ ತರಬೇತಿಯದೋ ಅವರ ಸ್ವಭಾವದ್ದೋ ಎಂಬ ತೊಡಕೂ ಇದೆ. ಕಾಕ್ರನ್ ಕಡೆಯವರ ಉತ್ತರ, ಬರೀ ತರಬೇತಿಯನ್ನು ಅಳೆದು ಸಿಐಟಿಯನ್ನು ಅಳೆದೆವು ಎನ್ನಬೇಡಿ ಎಂದು. ನನಗೆ ಈ ಉತ್ತರ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪೂರ್ಣ ಮಾದರಿ ಎಲ್ಲೂ ಇಲ್ಲದಿದ್ದರೆ ಅದು ಯಾವಾಗಲೂ ಗೆಲ್ಲುವ ವಾದವಾಗಿಬಿಡುತ್ತದೆ.

ಪೊಲೀಸರಿಗೆ ಕಲಿಸುವ ಬದಲು ಅವರನ್ನು ಕಳಿಸುವುದೇ ಬೇಡ ಎಂದವರೂ ಇದ್ದರು. ಆರೆಗಾನ್ ರಾಜ್ಯದ ಯೂಜೀನ್‌ನಲ್ಲಿ, ಹಿಪ್ಪಿಗಳ ಕಾಲದಲ್ಲಿ ಶುರುವಾದ ವೈಟ್ ಬರ್ಡ್ ಕ್ಲಿನಿಕ್ 1989ರಲ್ಲಿ ಕಹೂಟ್ಸ್ ಎಂಬ ಸೇವೆ ತೆರೆಯಿತು. ಒಂದು ವ್ಯಾನು, ಅದರಲ್ಲಿ ವೈದ್ಯಕೀಯ ತರಬೇತಿಯ ಒಬ್ಬರು, ಸಂಕಟದಲ್ಲಿರುವವರೊಂದಿಗೆ ಮಾತಾಡಬಲ್ಲ ಇನ್ನೊಬ್ಬರು, ಆಯುಧವಿಲ್ಲ. ಹಣ ಮಾತ್ರ ಪೊಲೀಸ್ ಬಜೆಟ್ಟಿನಿಂದ. ಮೂರು ದಶಕ ಅದು ಸದ್ದಿಲ್ಲದೆ ನಡೆಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ದೇಶವೆಲ್ಲ ಪೊಲೀಸರಿಗೆ ಪರ್ಯಾಯ ಹುಡುಕತೊಡಗಿದಾಗ ಪತ್ರಕರ್ತರು ಯೂಜೀನ್‌ಗೆ ಮುಗಿಬಿದ್ದರು. ಊರಿನ ಒಟ್ಟು ಕರೆಗಳಲ್ಲಿ ನೂರಕ್ಕೆ 17ನ್ನು ತಾವೇ ನಿಭಾಯಿಸುತ್ತೇವೆ ಎಂದು ಕ್ಲಿನಿಕ್ ಹೇಳಿತು. ಅವುಗಳಲ್ಲಿ ಬಹಳಷ್ಟಕ್ಕೆ ನಾವು ಮೊದಲೂ ಹೋಗುತ್ತಿರಲಿಲ್ಲ, ನಿಜವಾಗಿ ನಮ್ಮಿಂದ ತಪ್ಪಿದ್ದು 5ರಿಂದ 8 ಮಾತ್ರ ಎಂದು ಅಲ್ಲಿನ ಪೊಲೀಸರು ಲೆಕ್ಕ ಹಾಕಿ ತೋರಿಸಿದರು. ಅದೇ 2020ರಲ್ಲಿ ಡೆನ್ವರ್ ಇಂಥದ್ದೇ ಸೇವೆ ಆರಂಭಿಸಿತು. 2022ರ ಜುಲೈನಲ್ಲಿ ಮಾನಸಿಕ ಸಂಕಟಕ್ಕೆಂದೇ 988 ಎಂಬ ರಾಷ್ಟ್ರೀಯ ಸಂಖ್ಯೆ ಬಂತು.

ಮೆಂಫಿಸ್‌ನಲ್ಲಿ ಗುಂಡು ಹಾರಿದ 1987ರಲ್ಲೇ ಭಾರತದಲ್ಲಿ ನಮ್ಮ ಸಂಸತ್ತು ಮಾನಸಿಕ ಆರೋಗ್ಯ ಕಾಯ್ದೆಯನ್ನು ಅಂಗೀಕರಿಸಿತು. 1912ರ ಲೂನಸಿ ಕಾಯ್ದೆಯ ಜಾಗಕ್ಕೆ ಬಂದ ಅದು ಜಾರಿಯಾದದ್ದು 1993ರಲ್ಲಿ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಠಾಣಾಧಿಕಾರಿ ವಶಕ್ಕೆ ತೆಗೆದುಕೊಂಡರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಅದರ ದಾರಿ. ಅಂದರೆ ಠಾಣೆಯಿಂದ ಮೊದಲು ಕೋರ್ಟಿಗೆ, ಅಲ್ಲಿಂದ ಆಸ್ಪತ್ರೆಗೆ. ಅಪರಾಧವೇ ಮಾಡದ ರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದೂ 1993ರಲ್ಲೇ. 2017ರ ಹೊಸ ಮಾನಸಿಕ ಆರೋಗ್ಯ ಕಾಯ್ದೆಯ 100ನೆಯ ಸೆಕ್ಷನ್ ದಾರಿಯನ್ನೇ ಬದಲಿಸಿತು: 24 ಗಂಟೆಯೊಳಗೆ ನೇರವಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, ಪರೀಕ್ಷೆಯ ಹೊಣೆ ಆಸ್ಪತ್ರೆಯ ವೈದ್ಯಾಧಿಕಾರಿಯದು. ದಿ ಮೆಡ್ ಸ್ವಂತ ಇಚ್ಛೆಯಿಂದ ಕೊಟ್ಟ ಮಾತನ್ನು ಇಲ್ಲಿ ಕಾನೂನೇ ಎಲ್ಲ ಸರ್ಕಾರಿ ಆಸ್ಪತ್ರೆಗಳ ಪರವಾಗಿ ಕೊಟ್ಟುಬಿಟ್ಟಿದೆ. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರು ಅದನ್ನು ಉಳಿಸಿಕೊಡಬಲ್ಲರೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದು ಹಳೆಯ ಉತ್ತರವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಔಷಧ ಕೊಡುವುದನ್ನು ಕಲಿಸಿ, ಅದು ಆಗುವ ಕೆಲಸ ಎಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಲ್ಲಿ ವೈದ್ಯರ ತರಬೇತಿ ನಡೆಯಿತು. ಠಾಣೆಯವರು ಆ ಲೆಕ್ಕದಲ್ಲಿ ಇರಲಿಲ್ಲ.

ಮತ್ತೆ ಮೆಂಫಿಸ್. 2023ರ ಜನವರಿಯಲ್ಲಿ ಟೈರ್ ನಿಕೋಲ್ಸ್ ಎಂಬ ಯುವಕನನ್ನು ವಿಶೇಷ ದಳವೊಂದರ ಪೊಲೀಸರು ಹೊಡೆದು ಕೊಂದರು. ಅವನ ಪ್ರಕರಣಕ್ಕೂ ಮಾನಸಿಕ ಕಾಯಿಲೆಗೂ ಸಂಬಂಧವಿರಲಿಲ್ಲ, ಆದರೆ ಅದರಿಂದಾಗಿ ನ್ಯಾಯಾಂಗ ಇಲಾಖೆ ಇಡೀ ಪೊಲೀಸ್ ವ್ಯವಸ್ಥೆಯ ಕಡತ ತೆರೆಯಿತು. 2024ರ ಡಿಸೆಂಬರ್ 4ರಂದು ಹೊರಬಂದ ವರದಿ, ಮಾನಸಿಕ ತೊಂದರೆಯಿರುವವರ ಕರೆಗಳಿಗೆ ಸ್ಪಂದಿಸುವಲ್ಲಿ ಮೆಂಫಿಸ್ ನಗರವೂ ಪೊಲೀಸರೂ ಕಾನೂನುಬಾಹಿರ ತಾರತಮ್ಯ ಮಾಡುತ್ತಿದ್ದಾರೆ ಎಂದಿತು. ಸಿಐಟಿ ಹುಟ್ಟಿದ ಊರಿನಲ್ಲಿ ಸಿಐಟಿ ತರಬೇತಿ ಪಡೆದವರೇ ರೋಗಿಗಳನ್ನು ಹೀಯಾಳಿಸಿದ, ಒರಟಾಗಿ ನಡೆಸಿಕೊಂಡ ಪ್ರಸಂಗಗಳು ಅದರಲ್ಲಿದ್ದವು. ಎಂಟು ವರ್ಷದ ಹುಡುಗನೊಬ್ಬನ ಮನೆಗೆ ಮತ್ತೆ ಮತ್ತೆ ಪೊಲೀಸರು ಹೋಗಿ, ಅವನಿಗೆ ಕೈಕೋಳ ಹಾಕಿ, ಬೆದರಿಸಿದ ವಿವರ ಇತ್ತು. ಅಪಾಯವಿಲ್ಲದ ಕರೆಗಳಿಗೂ ಆರೋಗ್ಯ ಸಿಬ್ಬಂದಿಯನ್ನು ಕಳಿಸದೆ ಪೊಲೀಸರನ್ನೇ ಕಳಿಸುವುದು ಮೂಲ ದೋಷ ಎಂಬುದು ವರದಿಯ ನಿಲುವು. ಅರ್ಧ ದಾರಿಯನ್ನು ಮಾತ್ರ ನಡೆದ ವ್ಯವಸ್ಥೆಗೆ ಮೂವತ್ತಾರು ವರ್ಷದ ನಂತರ ಸಿಕ್ಕ ಲೆಕ್ಕಪತ್ರವದು.

ನಗರಾಡಳಿತ ಆ ವರದಿಯ ಆಧಾರದ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದೆ, ಸುಧಾರಣೆಯನ್ನು ತಾನೇ ಮಾಡಿಕೊಳ್ಳುವುದಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಹಣದ ಮುಗ್ಗಟ್ಟಿನಿಂದ ಯೂಜೀನ್‌ನ ಕಹೂಟ್ಸ್ ವ್ಯಾನುಗಳು ನಿಂತವು. ಮೇ ತಿಂಗಳಲ್ಲಿ, ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾಗಿದ್ದ ಕಾರಣ, ನ್ಯಾಯಾಂಗ ಇಲಾಖೆ ಮೆಂಫಿಸ್ ಸೇರಿ ಹಲವು ನಗರಗಳ ಪೊಲೀಸ್ ತನಿಖೆಗಳನ್ನು ಮುಚ್ಚಿ, ತನ್ನದೇ ತೀರ್ಮಾನಗಳನ್ನು ಹಿಂದಕ್ಕೆ ಪಡೆಯಿತು.